ಸ್ತನದ ಆಪರೇಷನ್ ಆದ ಮೇಲೆ ಸ್ನಾನ, ಬಟ್ಟೆ, ಬೆವರು: ದಾವಣಗೆರೆಯ ಒಬ್ಬ ಟೈಲರ್ ಹೇಳುವುದು

ನಾನು ದಾವಣಗೆರೆಯಲ್ಲಿ ಬ್ಲೌಸ್, ನೈಟಿ ಹೊಲಿಯುವವಳು. ನನಗೆ ಸ್ತನ ಕ್ಯಾನ್ಸರ್ ಆಗಿ ಎಡಗಡೆಯ ಸ್ತನ ತೆಗೆದು, ಕಂಕುಳಿನ ಗಂಟುಗಳನ್ನೂ, ಅಂದರೆ ಡಾಕ್ಟರು ಲಿಂಫ್ ನೋಡ್ ಅನ್ನುವುದನ್ನೂ, ತೆಗೆದಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಹೆಸರಿತ್ತು, ಡ್ರೆಸ್ಸಿಂಗ್‌ಗೆ ಬರುವ ದಿನ ಇತ್ತು. ತಲೆಗೆ ಯಾವಾಗ ನೀರು ಹಾಕಿಕೊಳ್ಳಬೇಕು, ಕಂಕುಳು ಹೇಗೆ ಒರೆಸಬೇಕು, ಟಾಯ್ಲೆಟ್ಟಿಗೆ ಹೋದರೆ ಎಡಗೈ ಏನು ಮಾಡಬೇಕು, ಇದೊಂದೂ ಇರಲಿಲ್ಲ. ಆಮೇಲೆ ಅಳತೆ ಕೊಡಲು ಬರುವ ಹೆಂಗಸರಲ್ಲಿ ಎಷ್ಟೋ ಜನ ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಿದ್ದೂ ಇದನ್ನೇ. ತಮಗೆ, ಇಲ್ಲವೇ ತಂಗಿಗೆ, ಇಲ್ಲವೇ ತಾಯಿಗೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನದು ಎಡಗಡೆ, ಬಲಗಡೆ ಆಪರೇಷನ್ ಆದವರು ಎಡ ಬಲ ಅದಲುಬದಲು ಮಾಡಿ ಓದಿಕೊಳ್ಳಿ. ನಿಮ್ಮ ಸರ್ಜನ್ ಬೇರೆ ಥರ ಹೇಳಿದ್ದರೆ ಅವರ ಮಾತೇ ನಿಮಗೆ ಸರಿ. ನಿಮ್ಮ ಗಾಯ ನೋಡಿದವರು ಅವರು.

ನಮ್ಮಲ್ಲಿ ತಲೆಮೇಲೆ ನೀರು ಬಿದ್ದರೇನೇ ಮಡಿ, ಶುಚಿ. ಆಪರೇಷನ್ ಆದ ಮೇಲಿನ ಕೆಲವು ವಾರ ಈ ಲೆಕ್ಕ ಬಿಡಬೇಕು. ಗಾಯಕ್ಕೆ ಬೇಕಾಗಿರುವುದು ನೀರಲ್ಲ, ಒಣಗಿರುವ ಚರ್ಮ. ಒದ್ದೆ ಬ್ಯಾಂಡೇಜು, ಬೆವರು ನಿಂತ ಕಂಕುಳು, ಸರಿಯಾಗಿ ಒರೆಸದ ಮಡಿಕೆ, ಇಲ್ಲೇ ಕ್ರಿಮಿ ಬೆಳೆಯುವುದು. ವಾಸನೆ ಬರುವುದೂ ಇಲ್ಲಿಂದಲೇ. ಒಂದೊಂದೇ ಜಾಗ ಒರೆಸಿ, ಒಣಗಿಸಿ, ಮುಂದಕ್ಕೆ ಹೋದರೆ ಪೂರ್ತಿ ಸ್ನಾನ ಇಲ್ಲದೆಯೂ ಮೈ ಹಗುರವಾಗಿರುತ್ತದೆ.

ಆಸ್ಪತ್ರೆಗೆ ಹೋಗುವ ಮುಂಚೆ

ತಾರೀಖು ಗೊತ್ತಾದ ತಕ್ಷಣ ಮನೆಯಲ್ಲಿ ಒಂದಿಷ್ಟು ತಯಾರಿ ಮಾಡಿಕೊಳ್ಳಿ. ಬಂದ ಮೇಲೆ ಕೈ ಎತ್ತಲು ಆಗುವುದಿಲ್ಲ. ದಿನಾ ಬೇಕಾಗುವ ಬ್ರಶ್, ಬಾಚಣಿಗೆ, ಸೋಪು, ಟವೆಲ್, ಒಳಉಡುಪು ಎಲ್ಲ ಸೊಂಟದ ಎತ್ತರಕ್ಕೆ ಇಳಿಸಿ ಇಡಿ. ಅಟ್ಟದ ಮೇಲೆ, ಬೀರುವಿನ ಮೇಲಿನ ಖಾನೆಯಲ್ಲಿ ಏನೂ ಬೇಡ. ಬಚ್ಚಲಿಗೆ ಕೈ ಇಲ್ಲದ ಪ್ಲಾಸ್ಟಿಕ್ ಸ್ಟೂಲು, ಕಾಲಿನ ಕೆಳಗೆ ಜಾರದ ಮ್ಯಾಟು ಬೇಕು.

ಹಿಂದಿನ ದಿನ ತಲೆಗೆ ಸ್ನಾನ ಮಾಡಿ ಹೋಗಿ. ಮತ್ತೆ ತಲೆ ತೊಳೆಯುವುದು ಎಷ್ಟು ದಿನಕ್ಕೋ. ಉಗುರು ಕತ್ತರಿಸಿ, ಬಣ್ಣ ಹಚ್ಚಿದ್ದರೆ ತೆಗೆಯಿರಿ, ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ಪಿಗೆ ಅದು ಅಡ್ಡ ಬರುತ್ತದೆ. ಆದರೆ ಕಂಕುಳಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಕಣ್ಣಿಗೆ ಕಾಣದ ಗೀರುಗಳಾಗಿ ಅಲ್ಲಿಂದ ಸೋಂಕು ಒಳಗೆ ಹೋಗಬಹುದು. ತೆಗೆಯಬೇಕಿದ್ದರೆ ಆಸ್ಪತ್ರೆಯವರೇ ಮಷಿನ್‌ನಲ್ಲಿ ಕತ್ತರಿಸುತ್ತಾರೆ.

ಇನ್ನು ಬಟ್ಟೆ. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಇದು ನನ್ನ ಕೆಲಸ. ತಲೆಯಿಂದ ಹಾಕುವ ನೈಟಿ ನಡೆಯುವುದಿಲ್ಲ. ಮುಂದೆ ಪೂರ್ತಿ ಬಿಚ್ಚುವ ನೈಟಿ ಬೇಕು, ಕುತ್ತಿಗೆಯಿಂದ ಸೊಂಟದ ಕೆಳಗಿನವರೆಗೆ. ಹುಕ್ಕಿನ ಬದಲು ಟಿಚ್ ಬಟನ್ ಇಟ್ಟರೆ ಒಂದೇ ಕೈಯಲ್ಲಿ ಹಾಕಬಹುದು. ಮನೆಯಲ್ಲಿರುವ ಹಳೇ ನೈಟಿಯನ್ನೇ ಮುಂದೆ ಸೀಳಿ, ಪಟ್ಟಿ ಕೊಟ್ಟು ಹೊಲಿಸಿಕೊಳ್ಳಬಹುದು, ಹೊಸದು ಬೇಕಾಗಿಲ್ಲ. ಹಳೆಯದೇ ವಾಸಿ, ಒಗೆದು ಒಗೆದು ಮೆತ್ತಗಾಗಿರುತ್ತದೆ. ತೋಳು ಅಗಲವಿರಲಿ, ಕಂಕುಳಿನ ಹತ್ತಿರ ಬಿಗಿ ಬೇಡ.

ಒಂದು ವಿಷಯ ಯಾರೂ ಹೇಳುವುದಿಲ್ಲ. ನೈಟಿಯ ಒಳಗಡೆ ಕಂಕುಳಿನಲ್ಲಿ ನಾಲ್ಕು ಹೊಲಿಗೆ ಬಂದು ಸೇರುತ್ತವೆ. ಅಲ್ಲಿ ಓವರ್‌ಲಾಕ್ ದಾರ ಗಂಟು ಕಟ್ಟಿದಂತೆ ದಪ್ಪಗಿರುತ್ತದೆ. ಮೊದಲಾಗಿದ್ದರೆ ಚುಚ್ಚಿದ ಕೂಡಲೇ ಗೊತ್ತಾಗುತ್ತಿತ್ತು. ಆಪರೇಷನ್ ಆದ ಮೇಲೆ ಕಂಕುಳು ಮತ್ತು ತೋಳಿನ ಒಳಬದಿ ಜೋಮು ಹಿಡಿದ ಹಾಗಿರುತ್ತದೆ. ಅಲ್ಲಿಗೆ ಸ್ಪರ್ಶ ಕೊಡುವ ನರ ಆ ಜಾಗದಲ್ಲೇ ಹಾದುಹೋಗುವುದರಿಂದ ಹೀಗಾಗುತ್ತದೆ. ಚರ್ಮ ಉಜ್ಜಿ ಕೆಂಪಾಗಿ ನೀರೊಡೆದರೂ ನಿಮಗೆ ತಿಳಿಯುವುದಿಲ್ಲ. ಅದಕ್ಕೆ ಮೊದಲ ವಾರಗಳಲ್ಲಿ ನೈಟಿಯನ್ನು ಒಳಗಿನದು ಹೊರಗೆ ಮಾಡಿ ಹಾಕಿಕೊಳ್ಳಿ. ನಯವಾದ ಮುಖ ಮೈಗೆ, ಹೊಲಿಗೆ ಹೊರಗೆ. ಮನೆಯಲ್ಲಿ ತಾನೇ, ಯಾರು ನೋಡಿದರೂ ಪರವಾಗಿಲ್ಲ.

ಬಟ್ಟೆ ಹತ್ತಿಯದೇ ಇರಲಿ. ಹತ್ತಿ ಗಿರಣಿಗಳಿಂದ ಹೆಸರು ಪಡೆದ ಊರು ನಮ್ಮದು, ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಕರೆಯುತ್ತಿದ್ದರು. ಗಿರಣಿಗಳು ಮುಚ್ಚಿದರೂ ಮಂಡಿಪೇಟೆ, ಚೌಕಿಪೇಟೆಯ ಬಟ್ಟೆ ಅಂಗಡಿಗಳಲ್ಲಿ ಒಳ್ಳೆಯ ಮಲ್‌ಮಲ್ ಕೇಳಿದರೆ ಕೊಡುತ್ತಾರೆ. ಅದೂ ಬೇಡ ಅಂದರೆ ಹಳೇ ಹತ್ತಿ ಸೀರೆ ಒಂದನ್ನು ಟವೆಲ್ಲಿನ ಅಳತೆಗೆ, ಕರ್ಚೀಫಿನ ಅಳತೆಗೆ ಕತ್ತರಿಸಿ, ಸೋಪಿನಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ಒಂದು ಚೀಲದಲ್ಲಿ ಕಟ್ಟಿಡಿ. ಮುಂದೆ ಇದು ಎಷ್ಟು ಇದ್ದರೂ ಸಾಲದು.

ಡ್ರೈನ್ ಇರುವಷ್ಟು ದಿನ

ಕಂಕುಳಿನ ಕೆಳಗೆ ಒಂದು ಸಣ್ಣ ತೂತಿನಿಂದ ಪ್ಲಾಸ್ಟಿಕ್ ನಳಿಗೆ ಹೊರಗೆ ಬಂದಿರುತ್ತದೆ. ಅದರ ತುದಿಗೆ ಸ್ಪ್ರಿಂಗ್ ಇರುವ ಡಬ್ಬಿ. ಒಳಗೆ ಕೂಡುವ ನೀರನ್ನು ಅದು ಎಳೆದುಕೊಳ್ಳುತ್ತದೆ. ಒಬ್ಬೊಬ್ಬರಿಗೆ ಒಂದು, ಕೆಲವರಿಗೆ ಎರಡು ಇರುತ್ತವೆ. ಎಷ್ಟೋ ಜನರನ್ನು ಡ್ರೈನ್ ಸಮೇತವೇ ಮನೆಗೆ ಕಳಿಸುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆಯಿಂದ ಇಲ್ಲಿಗೆ ಬರುವವರಿಗೆ ಸುಮಾರು 260 ಕಿಲೋಮೀಟರ್ ದಾರಿ. ಹೊರಡುವ ಮುಂಚೆ ಡಬ್ಬಿ ಖಾಲಿ ಮಾಡಿಸಿಕೊಳ್ಳಿ. ಕಾರಿನ ಬೆಲ್ಟು ಎದೆ ಮೇಲೆ ಬಂದರೆ ನಡುವೆ ಒಂದು ಮೆತ್ತನೆಯ ಸಣ್ಣ ದಿಂಬು ಇಟ್ಟುಕೊಳ್ಳಿ. ಅದೇ ದಿಂಬು ಮನೆಗೆ ಬಂದ ಮೇಲೆ ಕಂಕುಳಿನಲ್ಲಿ ಇಟ್ಟುಕೊಳ್ಳಲಿಕ್ಕೂ ಆಗುತ್ತದೆ. ತೋಳು ಪಕ್ಕೆಗೆ ಅಂಟುವುದಿಲ್ಲ, ಗಾಳಿ ಆಡುತ್ತದೆ. ಅದಕ್ಕೆ ತೆಗೆದು ಒಗೆಯುವಂಥ ಗವಸು ಎರಡು ಬೇಕು.

ಡಬ್ಬಿಯನ್ನು ದಿನಕ್ಕೆ ಎರಡು ಸಲ ಖಾಲಿ ಮಾಡಲು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮನೆಯಲ್ಲಿ ಈ ಕೆಲಸ ಮನೆಯವರು ಮಾಡುತ್ತಿದ್ದರು. ಗಂಡಸರಿಗೆ ಇದು ಆಗುವುದಿಲ್ಲ ಅಂತ ಯಾರೂ ತೀರ್ಮಾನ ಮಾಡಬೇಡಿ, ಕಲಿಸಿದರೆ ಚೆನ್ನಾಗಿ ಮಾಡುತ್ತಾರೆ. ಮೊದಲು ಕೈಯನ್ನು ಸೋಪು ಹಾಕಿ 20 ಸೆಕೆಂಡಾದರೂ ತಿಕ್ಕಿ ತೊಳೆಯಬೇಕು. ನಳಿಗೆಯ ಕ್ಲಿಪ್ಪು ಒತ್ತಿ, ಮುಚ್ಚಳ ತೆಗೆದು, ಅಳತೆ ಕಪ್ಪಿಗೆ ಸುರಿದು, ಡಬ್ಬಿಯನ್ನು ಪೂರ್ತಿ ಅಮುಕಿ ಹಿಡಿದು ಹಾಗೇ ಮುಚ್ಚಳ ಹಾಕಿ, ಆಮೇಲೆ ಕ್ಲಿಪ್ಪು ಬಿಡಬೇಕು. ಅಮುಕದೆ ಮುಚ್ಚಿದರೆ ಅದು ಎಳೆಯುವುದಿಲ್ಲ. ಮುಚ್ಚಳದ ಬಾಯಿಗೆ ಬೆರಳು ತಾಗಬಾರದು. ಎಷ್ಟು ಎಂ.ಎಲ್., ಯಾವ ಬಣ್ಣ ಅಂತ ತಾರೀಖಿನ ಜೊತೆ ಬರೆದಿಡಿ. ಮೊದಲು ರಕ್ತದ ಬಣ್ಣ, ಆಮೇಲೆ ತಿಳಿಗುಲಾಬಿ, ಆಮೇಲೆ ಒಣಹುಲ್ಲಿನ ಹಳದಿ. ಇಡೀ ದಿನಕ್ಕೆ 30 ಎಂ.ಎಲ್.ಗಿಂತ ಕಡಿಮೆ ಬರತೊಡಗಿದ ಮೇಲೆ ಸಾಮಾನ್ಯವಾಗಿ ತೆಗೆಯುತ್ತಾರೆ.

ಡಬ್ಬಿ ಜೋತಾಡಬಾರದು, ಗಾಯಕ್ಕಿಂತ ಮೇಲೆಯೂ ಇರಬಾರದು. ಕೈಯಲ್ಲಿ ಹಿಡಿದು ಓಡಾಡುವವರನ್ನು ನೋಡಿದ್ದೇನೆ, ಕ್ಯಾರಿಬ್ಯಾಗಿನಲ್ಲಿ ಹಾಕಿ ಕುತ್ತಿಗೆಗೆ ಕಟ್ಟಿಕೊಂಡವರನ್ನೂ ನೋಡಿದ್ದೇನೆ. ಪ್ಲಾಸ್ಟಿಕ್ ಚೀಲ ಮೈಗೆ ಅಂಟಿ ಬೆವರುತ್ತದೆ. ಇದಕ್ಕೊಂದು ಬಟ್ಟೆ ಚೀಲ ಹೊಲಿಯಿರಿ, ಕೈಹೊಲಿಗೆಯಲ್ಲೂ ಆಗುತ್ತದೆ. ಡಬ್ಬಿಗಿಂತ ಎರಡು ಇಂಚು ಅಗಲ, ಮೂರು ಇಂಚು ಎತ್ತರ ಹೆಚ್ಚಿಗೆ ಇಟ್ಟು ಬಟ್ಟೆ ಕತ್ತರಿಸಿ. ಮೂರು ಕಡೆ ಹೊಲಿದು ಬಾಯಿ ತೆರೆದಿಡಿ. ಬಾಯಿಯ ಅಂಚು ಮಡಚಿ, ಅದರೊಳಗೆ ಲಂಗದ ಲಾಡಿ ತೂರಿಸಿ ಸೊಂಟಕ್ಕೆ ಸಡಿಲವಾಗಿ ಕಟ್ಟಿ. ಹೆಗಲಿಗೆ ಹಾಕುವ ಪಟ್ಟಿ ಬೇಡ, ಅದು ಗಾಯದ ಮೇಲೆಯೇ ಅಡ್ಡ ಬರುತ್ತದೆ. ಚೀಲ ಎರಡು ಮಾಡಿ, ಒಂದು ಒಗೆದಾಗ ಇನ್ನೊಂದು. ಮಲಗುವಾಗ ಚೀಲವನ್ನು ಮಗ್ಗುಲಲ್ಲಿ, ಕೆಳಗೆ ಇಟ್ಟುಕೊಳ್ಳಿ. ಹೊರಳಿದರೆ ನಳಿಗೆ ಎಳೆಯಬಾರದು.

ಮೈ ಒರೆಸಿಕೊಳ್ಳುವುದು

ಡಾಕ್ಟರು ನೀರು ಹಾಕಿಕೊಳ್ಳಿ ಅನ್ನುವವರೆಗೆ ಇದೇ ನಮ್ಮ ಸ್ನಾನ. ಕೆಲವು ಸರ್ಜನ್‌ಗಳು ಬೇಗ ಬಿಡುತ್ತಾರೆ, ಕೆಲವರು ಡ್ರೈನ್ ತೆಗೆಯುವವರೆಗೆ ಬೇಡ ಅನ್ನುತ್ತಾರೆ. ನನ್ನ ಜೊತೆ ಹರಿಹರದಿಂದ ಬಂದ ತಂಗಿ ಇದ್ದಳು. ನೋವಿನ ಮಾತ್ರೆ ತೆಗೆದುಕೊಂಡು ಅರ್ಧ ಗಂಟೆ ಬಿಟ್ಟು ಶುರು ಮಾಡುತ್ತಿದ್ದೆವು. ಆಗ ಅಲುಗಾಡಲು ಕಷ್ಟ ಆಗುವುದಿಲ್ಲ.

ಎರಡು ಬೋಗುಣಿ ಇಟ್ಟುಕೊಳ್ಳಿ. ಒಂದರಲ್ಲಿ ಚೂರು ಸೋಪು ಕದಡಿದ ನೀರು, ಇನ್ನೊಂದರಲ್ಲಿ ಬರೀ ನೀರು, ಎರಡೂ ಉಗುರುಬೆಚ್ಚಗೆ. ಬಿಸಿ ಎಷ್ಟಿದೆ ಅಂತ ಆಪರೇಷನ್ ಆಗದ ಕಡೆಯ ಕೈಯಲ್ಲಿ ನೋಡಿ. ಜೋಮಿರುವ ಕಡೆಗೆ ಬಿಸಿ ಗೊತ್ತಾಗದೆ ಸುಟ್ಟೀತು. ‘ಅಕ್ಕಾ, ಬಿಸಿ ಜಾಸ್ತಿ ಆತಾ?’ ಅಂತ ತಂಗಿ ಪ್ರತಿ ಸಲ ನನ್ನ ಬಲಗೈ ಅದ್ದಿಸಿಯೇ ಮುಂದುವರಿಯುತ್ತಿದ್ದಳು. ನಲ್ಲಿ ನೀರು ನಮ್ಮಲ್ಲಿ ದಿನಾ ಬರುವುದಿಲ್ಲ. ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರಾದರೆ ಒಮ್ಮೆ ಕುದಿಸಿ ಆರಿಸಿ. ಬೋರ್‌ವೆಲ್ ಗಡಸು ನೀರಾದರೆ ಸೋಪು ಆದಷ್ಟು ಕಡಿಮೆ, ಇಲ್ಲದಿದ್ದರೆ ಮೈಮೇಲೆ ಬಿಳಿ ಪೊರೆ ಉಳಿದು ತುರಿಸುತ್ತದೆ. ಮಕ್ಕಳಿಗೆ ಹಚ್ಚುವ, ವಾಸನೆ ಕಡಿಮೆ ಇರುವ ಸೋಪು ಒಳ್ಳೆಯದು. ನೀರಿಗೆ ಡೆಟಾಲ್ ಹಾಕುವ ಅಭ್ಯಾಸ ಬಿಡಿ, ಗಾಯದ ಸುತ್ತಲಿನ ಚರ್ಮ ಉರಿಯುತ್ತದೆ.

ಮೊದಲು ಮುಖ, ಕುತ್ತಿಗೆ. ಆಮೇಲೆ ಬಲಗೈ, ಬಲಕಂಕುಳು. ಆಮೇಲೆ ಇರುವ ಸ್ತನದ ಕೆಳಗಿನ ಮಡಿಕೆ, ಹೊಟ್ಟೆ, ಬೆನ್ನು, ಕಾಲು. ಕೊನೆಗೆ ಕೆಳಗಿನ ಜಾಗ, ಅದಕ್ಕೆ ಬೇರೆಯೇ ಬಟ್ಟೆ. ಸೋಪಿನ ಬಟ್ಟೆ, ಬರೀ ನೀರಿನ ಬಟ್ಟೆ, ಒಣಬಟ್ಟೆ, ಹೀಗೆ ಒಂದು ಜಾಗ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಒರೆಸಿದ ಕಡೆ ನೈಟಿ ಮುಚ್ಚುತ್ತಾ ಬಂದರೆ ಚಳಿ ಆಗುವುದಿಲ್ಲ. ಡ್ರೆಸ್ಸಿಂಗ್ ಸುತ್ತ ಎರಡು ಬೆರಳು ಜಾಗ ಬಿಟ್ಟು ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಡ್ರೆಸ್ಸಿಂಗ್ ನೆನೆದರೆ ಹಾಗೇ ಬಿಡಬೇಡಿ, ಬದಲಾಯಿಸಬೇಕು.

ಇರುವ ಸ್ತನದ ಕೆಳಗಿನ ಮಡಿಕೆಯನ್ನು ಎಲ್ಲರೂ ಮರೆಯುತ್ತಾರೆ. ಬ್ರಾ ಇಲ್ಲದೆ ದಿನಗಟ್ಟಲೆ ಮಲಗಿರುವಾಗ ಅಲ್ಲಿ ಬೆವರು ನಿಲ್ಲುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಎರಡೇ ದಿನಕ್ಕೆ ಕೆಂಪಾಗಿ ತುರಿಕೆ ಶುರು. ಸೀರೆಯಿಂದ ಕತ್ತರಿಸಿದ ಮೆತ್ತನೆ ತುಂಡೊಂದನ್ನು ಮಡಚಿ ಅಲ್ಲಿ ಇಟ್ಟು, ತೇವವಾದ ಹಾಗೆ ಬದಲಾಯಿಸುತ್ತಿರಿ.

ಕಂಕುಳು

ಅತ್ಯಂತ ತೊಂದರೆ ಕೊಡುವ ಜಾಗ ಇದೇ. ತೋಳು ಎತ್ತಲು ಆಗುವುದಿಲ್ಲ, ಎತ್ತದಿದ್ದರೆ ಬೆವರು ಆರುವುದಿಲ್ಲ, ಮುಟ್ಟಿದರೆ ನಮ್ಮ ಚರ್ಮವೇ ಅಲ್ಲವೇನೋ ಅನ್ನಿಸುತ್ತದೆ. ನಿಂತು ಒರೆಸಲು ಹೋಗಬೇಡಿ. ಅಂಗಾತ ಮಲಗಿ, ತೋಳನ್ನು ಒಂದು ದಿಂಬಿನ ಮೇಲೆ ಮೈಯಿಂದ ಸ್ವಲ್ಪ ದೂರ ಇಡಿ. ಅಷ್ಟು ಸಂದು ಸಾಕು. ಹಿಂಡಿದ ಬಟ್ಟೆಯನ್ನು ಬೆರಳಿಗೆ ಸುತ್ತಿ, ಉಜ್ಜದೆ, ಒತ್ತಿ ಒತ್ತಿ ತೆಗೆಯಿರಿ. ಒಣಬಟ್ಟೆಯಲ್ಲಿ ಅದೇ ಥರ ಇನ್ನೊಮ್ಮೆ. ಆಮೇಲೆ ಫ್ಯಾನ್ ಕೆಳಗೆ ಹತ್ತು ನಿಮಿಷ ಹಾಗೇ ಮಲಗಿ. ಎದ್ದ ಮೇಲೆ ತೋಳಿಗೂ ಪಕ್ಕೆಗೂ ನಡುವೆ ಒಂದು ಮಲ್‌ಮಲ್ ತುಂಡು ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಇದನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮಾಡಿ.

ಆ ಕಡೆಗೆ ಪೌಡರ್ ಬೇಡ. ಬೆವರಿಗೆ ಉಂಡೆ ಕಟ್ಟಿ ಹೊಲಿಗೆಯೊಳಗೆ ಕೂರುತ್ತದೆ. ಸೆಂಟು, ಡಿಯೋಡರೆಂಟ್ ಗಾಯ ಪೂರ್ತಿ ಮಾಯ್ದು ಡಾಕ್ಟರು ಒಪ್ಪಿದ ಮೇಲೆ. ಬಲಗಡೆಗೆ ಎಂದಿನ ಹಾಗೆ ಹಾಕಿಕೊಳ್ಳಿ. ಡಿಯೋಡರೆಂಟ್ ಹಾಕಿದ್ದಕ್ಕೇ ಈ ಕಾಯಿಲೆ ಬಂತು ಅಂತ ಹೇಳುವವರಿದ್ದಾರೆ. ಹಾಗೆಂದು ಸಾಬೀತಾಗಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಡಿ. ಕೂದಲು ಬೆಳೆದು ಕಿರಿಕಿರಿ ಆದರೆ ಗಾಯ ಮಾಯ್ದ ಮೇಲೆ ಟ್ರಿಮ್ಮರ್‌ನಲ್ಲಿ ಕತ್ತರಿಸಿ. ಬ್ಲೇಡು, ವ್ಯಾಕ್ಸು, ಕೂದಲು ಉದುರಿಸುವ ಕ್ರೀಮು ಆ ಕಂಕುಳಿಗೆ ಬೇಡವೇ ಬೇಡ.

ಗಾಯಕ್ಕೆ ಏನೂ ಹಚ್ಚಬಾರದು ಅನ್ನುವುದನ್ನು ಮನೆಯ ಹಿರಿಯರಿಗೆ ಒಪ್ಪಿಸುವುದು ಕಷ್ಟ. ‘ಅರಿಶಿಣ ಹಚ್ಚಿದ್ರೆ ಬೇಗ ಮಾಯ್ತೈತಿ ಕಣವ್ವ’ ಅಂತ ನಮ್ಮತ್ತೆ ಬಟ್ಟಲು ಹಿಡಿದೇ ಬಂದರು. ಪ್ರೀತಿಯಿಂದಲೇ ಹೇಳಿದ್ದು. ‘ಡ್ರೆಸ್ಸಿಂಗ್ ಮಾಡೋ ಸಿಸ್ಟರ್‌ಗೆ ಗಾಯದ ಬಣ್ಣ ಕಾಣಬೇಕು ಅತ್ತೆ, ಅರಿಶಿಣ ಹಚ್ಚಿದರೆ ಕೆಂಪಾಗಿದ್ದು ಗೊತ್ತಾಗಲ್ಲ’ ಅಂದೆ. ಅದನ್ನು ಒಪ್ಪಿದರು. ಅರಿಶಿಣ, ಕೊಬ್ಬರಿ ಎಣ್ಣೆ, ವಿಭೂತಿ, ಯಾವುದೋ ಸೊಪ್ಪಿನ ರಸ, ಯಾವುದೂ ತೆರೆದ ಗಾಯಕ್ಕೆ ಸಲ್ಲದು.

ತಾಳಿ, ಶಿವದಾರ

ಅರಿಶಿಣ ದಾರದ ತಾಳಿ ಬೆವರು ಹೀರಿ, ಒದ್ದೆ ಆಗಿ ಗಾಯದ ಮೇಲೆ ಉಜ್ಜುತ್ತದೆ. ಸರವಾದರೂ ಅಷ್ಟೇ, ಸಂದಿನಲ್ಲಿ ಕೊಳೆ ಕೂತಿರುತ್ತದೆ. ಗಾಯ ಮಾಯುವವರೆಗೆ ದೇವರ ಮುಂದೆ ತೆಗೆದಿಡಿ. ತೆಗೆಯಲು ಮನಸ್ಸು ಒಪ್ಪದಿದ್ದರೆ ತೊಳೆದು, ಕುತ್ತಿಗೆಗೆ ಹತ್ತಿರ ಬರುವಂತೆ ಗಿಡ್ಡ ಮಾಡಿಕೊಳ್ಳಿ. ಇಷ್ಟಲಿಂಗ ಕಟ್ಟಿಕೊಳ್ಳುವವರಿಗೆ ಕರಡಿಗೆ ಸರಿಯಾಗಿ ಎದೆ ಮೇಲೆ ಬರುತ್ತದೆ. ನಾನು ಹೊಸ ಶಿವದಾರ ತೆಗೆದುಕೊಂಡು ಗಂಟಲ ಕೆಳಗೇ ನಿಲ್ಲುವ ಹಾಗೆ ಗಿಡ್ಡವಾಗಿ ಕಟ್ಟಿಕೊಂಡೆ. ಸ್ನಾನ ಇಲ್ಲದೆ ಪೂಜೆ ಹೇಗೆ ಅಂತ ಬಹಳ ಹೆಂಗಸರು ಪೂಜೆಯನ್ನೇ ಬಿಡುತ್ತಾರೆ. ಮೈ ಒರೆಸಿ, ಒಗೆದ ಬಟ್ಟೆ ಉಟ್ಟು ಕೂತರೆ ಅದೇ ಮಡಿ. ಕಾಯಿಲೆಯಲ್ಲಿ ಮನಸ್ಸಿಗೆ ಆಸರೆ ಕೊಡುವುದನ್ನು ನೀರಿನ ನೆಪದಲ್ಲಿ ಯಾಕೆ ಬಿಡಬೇಕು?

ತಲೆ ತೊಳೆಯುವುದು

ಒಬ್ಬರೇ ಮಾಡಬೇಡಿ. ಮಂಚದ ಅಂಚಿಗೆ ತಲೆ ಬರುವಂತೆ ಅಂಗಾತ ಮಲಗಿ, ಕುತ್ತಿಗೆ ಕೆಳಗೆ ಸುತ್ತಿದ ಟವೆಲ್ ಇಟ್ಟು, ಭುಜಗಳ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಕೆಳಗೆ ದೊಡ್ಡ ಬೇಸಿನ್ ಇಟ್ಟರೆ ಇನ್ನೊಬ್ಬರು ಸುಲಭವಾಗಿ ತೊಳೆಯಬಹುದು. ಎಡಗಡೆಗೆ ಒಂದು ಹನಿಯೂ ಇಳಿಯುವುದಿಲ್ಲ. ಶಾಂಪೂ ಸಾಕು. ಸೀಗೆಕಾಯಿ ಪುಡಿ ತೊಳೆಯಲು ನೀರು ಜಾಸ್ತಿ ಬೇಕು, ಚೂರು ಉಳಿದರೂ ಕುತ್ತಿಗೆ ಹಿಂದೆ ತುರಿಸುತ್ತದೆ. ಎಣ್ಣೆ ನೀರಿನ ಸ್ನಾನ ಸದ್ಯಕ್ಕೆ ಬೇಡ. ಬಾಚುವುದನ್ನೂ ಬೇರೆಯವರೇ ಮಾಡಲಿ. ಎರಡು ಸಡಿಲ ಜಡೆ ಹಾಕಿಸಿಕೊಂಡರೆ ಕೂದಲು ಕುತ್ತಿಗೆಗೆ ಅಂಟುವುದಿಲ್ಲ.

ಟಾಯ್ಲೆಟ್

ಎಡಗಡೆ ಆಪರೇಷನ್ ಆದವರಿಗೆ ಇದು ದೊಡ್ಡ ಚಿಂತೆ. ಎಡಗೈ ಹಿಂದಕ್ಕೆ ಚಾಚಿದರೆ ಹೊಲಿಗೆ ಎಳೆಯುತ್ತದೆ. ಜೆಟ್ ಸ್ಪ್ರೇ ಹಾಕಿಸಿಕೊಳ್ಳಿ, ಅದನ್ನು ಬಲಗೈಯಲ್ಲಿ ಹಿಡಿಯಬಹುದು. ಬಲಗೈಯಲ್ಲೇ ತೊಳೆಯಬೇಕಾದರೂ ಸಂಕೋಚ ಬೇಡ, ಸೋಪು ಹಾಕಿ ಎರಡು ಸಲ ತೊಳೆದರೆ ಕೈ ಕೈಯೇ. ಕೆಳಗೆ ಕೂರುವ ಟಾಯ್ಲೆಟ್ ಇದ್ದರೆ ಏಳುವಾಗ ನಲ್ಲಿಯನ್ನೋ ಬಾಗಿಲನ್ನೋ ಎಡಗೈಯಲ್ಲಿ ಜಗ್ಗುತ್ತೇವೆ, ಅದು ಆಗಬಾರದು. ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಕಮೋಡ್ ಚೇರ್ ಸಿಗುತ್ತದೆ, ಬಾಡಿಗೆಗೂ ಕೇಳಿ ನೋಡಿ. ಕೆಲವು ನೋವಿನ ಮಾತ್ರೆಗಳಿಂದ ಮಲ ಗಟ್ಟಿಯಾಗುತ್ತದೆ. ನೀರು, ಅಂಬಲಿ, ಪಪ್ಪಾಯಿ ಮೊದಲ ದಿನದಿಂದಲೇ ಜಾಸ್ತಿ ತೆಗೆದುಕೊಳ್ಳಿ.

ಗಾಯ ನೋಡಿಕೊಳ್ಳುವುದು

ನೋಡಲು ಆಗುವುದಿಲ್ಲ ಅಂತ ಅನ್ನಿಸುತ್ತದೆ. ಯಾರಿಗಾದರೂ ಹಾಗೇ. ಅವಸರ ಏನಿಲ್ಲ, ಮೊದಲ ದಿನಗಳಲ್ಲಿ ನಿಮ್ಮ ಪರವಾಗಿ ಬೇರೆಯವರು ನೋಡಲಿ. ಆದರೆ ಮನೆಯಲ್ಲಿ ಯಾರಾದರೂ ಒಬ್ಬರು ದಿನಾ ನೋಡಲೇಬೇಕು, ಬೆಳಕಿನಲ್ಲಿ. ಡ್ರೆಸ್ಸಿಂಗ್ ತೆಗೆದ ಮೇಲೆ ಮೊಬೈಲಿನಲ್ಲಿ ಒಂದೇ ಜಾಗದಿಂದ ಒಂದು ಫೋಟೋ ತೆಗೆದಿಟ್ಟರೆ ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಅಂತ ಗೊತ್ತಾಗುತ್ತದೆ.

ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಕೀವು ಬಂದರೆ, ಒರೆಸಿದ ಮೇಲೂ ಕೆಟ್ಟ ವಾಸನೆ ಹೋಗದಿದ್ದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಡ್ರೈನ್ ಇದ್ದಕ್ಕಿದ್ದ ಹಾಗೆ ನಿಂತರೆ, ತಿಳಿಯಾಗಿದ್ದದ್ದು ಮತ್ತೆ ಕಡುಕೆಂಪಾದರೆ, ನಳಿಗೆ ಜಾರಿ ಹೊರಬಂದರೂ ಅಷ್ಟೇ. ಆಪರೇಷನ್ ಬೆಂಗಳೂರಿನಲ್ಲಿ ಆಗಿದ್ದರೆ ಅಲ್ಲಿಗೇ ಓಡಬೇಕೆಂದು ಕಾಯಬೇಡಿ. ಫೋನಿನಲ್ಲಿ ಕೇಳಿಕೊಂಡು ಇಲ್ಲಿನ ಜಿಲ್ಲಾ ಆಸ್ಪತ್ರೆಗೋ ಬಾಪೂಜಿಗೋ ಹೋಗಿ ತೋರಿಸಿ, ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ಡ್ರೈನ್ ತೆಗೆದ ಮೇಲೆ ಗಾಯದ ಕೆಳಗೆ ನೀರು ತುಂಬಿ ಉಬ್ಬಿಕೊಳ್ಳುವುದೂ ಉಂಟು. ಇದು ಎಷ್ಟೋ ಜನರಿಗೆ ಆಗುತ್ತದೆ, ಬೇಕಾದರೆ ಡಾಕ್ಟರು ಸೂಜಿಯಲ್ಲಿ ತೆಗೆಯುತ್ತಾರೆ. ಮನೆಯಲ್ಲಿ ಒತ್ತಿ ನೋಡಬೇಡಿ.

ಮತ್ತೆ ಸ್ನಾನ

ಡಾಕ್ಟರು ಆಗಲಿ ಅಂದ ದಿನ ಹಂಡೆ ಕಾಯಿಸಿ ಸುರಿದುಕೊಳ್ಳುವ ಆಸೆ ಆಗುತ್ತದೆ. ಬೇಡ. ಸುಡುನೀರು ಜೋಮಿನ ಚರ್ಮಕ್ಕೂ ಕೆಟ್ಟದ್ದು, ಗಂಟು ತೆಗೆದ ತೋಳಿಗೂ ಬಾವು ತರಬಹುದು. ಸ್ಟೂಲಿನ ಮೇಲೆ ಕೂತು, ಬಲಗೈಯಲ್ಲಿ ಚೊಂಬು ಹಿಡಿದು, ಉಗುರುಬೆಚ್ಚಗಿನ ನೀರು ಬಲಭುಜದಿಂದ ಮೆಲ್ಲಗೆ ಇಳಿಯಲಿ. ಗಾಯಕ್ಕೆ ಗುರಿಯಿಟ್ಟು ಸುರಿಯಬೇಡಿ. ಸೋಪನ್ನು ಕೈಯಲ್ಲಿ ನೊರೆ ಮಾಡಿ ಹಾಗೇ ಸವರಿ ಬಿಡಿ. ಬ್ರಶ್ಶು, ನಾರು, ಉಜ್ಜುವ ಕಲ್ಲು ಆ ಕಡೆ ಹೋಗಬಾರದು. ಗಾಯದ ಮೇಲೆ ಸಣ್ಣ ಪಟ್ಟಿಗಳೋ ಅಂಟೋ ಹಾಕಿದ್ದರೆ ತಾವಾಗೇ ಬಿಡಲಿ, ಹಕ್ಕಳೆಯನ್ನೂ ಕೀಳಬೇಡಿ. ಒಣ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ, ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಕೂತು, ಆಮೇಲೆ ಬಟ್ಟೆ ಹಾಕಿ. ಹರಕೆ ಇದೆ ಅಂತ ಹರಿಹರದ ಹೊಳೆಗೆ ಹೋಗಿ ಮುಳುಗುವುದು, ಬಾವಿ, ಕೆರೆಯ ಸ್ನಾನ, ಇದೆಲ್ಲ ಗಾಯ ಪೂರ್ತಿ ಮಾಯುವವರೆಗೆ ತಡೆಯಿರಿ. ಹರಕೆ ಎಲ್ಲಿಗೂ ಹೋಗುವುದಿಲ್ಲ.

ಮುಂದೆ ಕರೆಂಟು ಕೊಡಿಸುವವರಿಗೆ, ಅಂದರೆ ರೇಡಿಯೇಷನ್ ಇರುವವರಿಗೆ, ಮೈಮೇಲೆ ಇಂಕಿನ ಗುರುತು ಹಾಕುತ್ತಾರೆ. ಅದನ್ನು ತಿಕ್ಕಿ ತೆಗೆಯಬಾರದು. ಆ ಜಾಗಕ್ಕೆ ಅವರು ಹೇಳಿದ ಕ್ರೀಮು ಬಿಟ್ಟು ಬೇರೆ ಹಚ್ಚಬೇಡಿ.

ಬ್ಲೌಸು ಮತ್ತು ತೋಳು

ಹೊಸ ಬ್ಲೌಸಿಗೆ ಅವಸರ ಮಾಡಬೇಡಿ. ಬಾವು ಇಳಿಯುವ ಮುಂಚೆ ಕೊಟ್ಟ ಅಳತೆ ಆಮೇಲೆ ಹೊಂದುವುದಿಲ್ಲ. ಒಂದೆರಡು ತಿಂಗಳು ಹೋಗಲಿ. ಹೊಲಿಸುವಾಗ ಹತ್ತಿ ಲೈನಿಂಗ್, ಮುಂದೆ ಹುಕ್ಕು, ಕಂಕುಳಿನ ಸುತ್ತ ಅರ್ಧ ಇಂಚು ಸಡಿಲ, ಒಳಗೆ ಬಿಚ್ಚಲು ಮಾರ್ಜಿನ್ ಕೇಳಿ. ಎಡಗಡೆ ಲೈನಿಂಗಿನಲ್ಲಿ ಒಂದು ಜೇಬು ಕೊಡಿಸಿ, ಪಕ್ಕದಿಂದ ಬಾಯಿ ಇರಲಿ. ಅದರಲ್ಲಿ ಹತ್ತಿ ತುಂಬಿದ ಪ್ಯಾಡು ಕೂರುತ್ತದೆ, ಬೇಕಾದಾಗ ತೆಗೆದು ಒಗೆಯಬಹುದು. ಸಿಲಿಕೋನ್ ಪ್ಯಾಡು ಭಾರ, ಬೆವರೂ ಜಾಸ್ತಿ. ಅದು ಗಾಯ ಗಟ್ಟಿಯಾದ ಮೇಲೆ, ಡಾಕ್ಟರು ಹೇಳಿದ ಮೇಲೆ.

ಗಂಟು ತೆಗೆದ ಕಡೆಯ ಕೈಯನ್ನು ಬಾವು ಬರದಂತೆ ಮುಂದೆಯೂ ಜೋಪಾನ ಮಾಡಬೇಕು. ಆ ಕೈಗೆ ಸೂಜಿ ಚುಚ್ಚಿಸಬೇಡಿ, ಬಿ.ಪಿ. ಪಟ್ಟಿ ಇನ್ನೊಂದು ಕೈಗೆ ಕಟ್ಟಲು ಹೇಳಿ. ಉಗುರನ್ನು ತೀರಾ ಬುಡಕ್ಕೆ ಕತ್ತರಿಸಬೇಡಿ. ರೊಟ್ಟಿ ಬೇಯಿಸುವಾಗ, ಈಳಿಗೆಯಲ್ಲಿ ಹೆಚ್ಚುವಾಗ, ಗಿಡದ ಕೆಲಸದಲ್ಲಿ ಸಣ್ಣ ಗಾಯ ಆದರೂ ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಪಟ್ಟಿ ಹಾಕಿ. ನಾನು ಹೊಲಿಯುವಾಗ ಆ ಬೆರಳಿಗೆ ಸೂಜಿ ತಾಗದಂತೆ ಅಂಗುಸ್ತಾನ ಹಾಕುತ್ತೇನೆ. ಚರ್ಮ ಬಿರಿಯದಂತೆ ರಾತ್ರಿ ಕೈಗೆ ಕ್ರೀಮು ಹಚ್ಚುತ್ತೇನೆ.

ಮನೆಯಲ್ಲಿ ಅಳತೆ ಟೇಪು ಇದ್ದರೆ ತಿಂಗಳಿಗೊಮ್ಮೆ ಎರಡೂ ತೋಳು ಅಳೆದು ಬರೆದಿಡಿ. ಮೊಣಕೈಯಿಂದ ನಾಲ್ಕು ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ, ಪ್ರತಿ ಸಲ ಅದೇ ಜಾಗ. ಬಳೆ, ಉಂಗುರ ಬಿಗಿ ಆಗಿದ್ದರೆ, ಆ ಕಡೆಯ ತೋಳು ಭಾರ ಅನ್ನಿಸಿದರೆ, ಮೊದಲಿನ ಅಳತೆಗಿಂತ ಎರಡು ಸೆಂಟಿಮೀಟರ್ ದಪ್ಪ ಆಗಿದ್ದರೆ ಮುಂದಿನ ಚೆಕಪ್ಪಿಗೆ ಕಾಯದೆ ಆ ವಾರವೇ ಡಾಕ್ಟರಿಗೆ ತೋರಿಸಿ.